ಹದಿನೈದು ನಿಮಿಷದ ಜೋಳ

ಹೊಸಪೇಟೆಯ ನಮ್ಮ ಮನೆಯ ನಡುಮನೆಗೆ ಕಿಟಕಿಯೇ ಇರಲಿಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೆಂದು ಒಮ್ಮೆ ಬರೆದೂ ಇದ್ದೆ. ಅದನ್ನು ಓದಿದ ಅಕ್ಕ ಗಂಗಾ ನಕ್ಕುಬಿಟ್ಟಳು. ಕಿಟಕಿ ಇತ್ತಂತೆ, ಹಿತ್ತಲ ಕಡೆಗೆ, ಸಾಕಷ್ಟು ದೊಡ್ಡದೇ. ಅಪ್ಪ ಅದಕ್ಕೆ ಎರಡು ತಿಂಗಳು ಕಂಬಳಿ ಹೊಡೆದಿದ್ದನಂತೆ. ನನ್ನ ಎಂಟನೆಯ ವಯಸ್ಸಿನ ಆ ಎರಡು ತಿಂಗಳು ನನ್ನ ತಲೆಯಲ್ಲಿ ಎಷ್ಟು ಹಿಗ್ಗಿವೆಯೆಂದರೆ, ಉಳಿದ ಬಾಲ್ಯದ ಬೆಳಕನ್ನೂ ಅದೇ ಕಂಬಳಿ ಮುಚ್ಚಿಬಿಟ್ಟಿದೆ. ನಾನು ಕಾಲೇಜಿನಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ನನ್ನ ಮೇಷ್ಟ್ರು ಕಲಿಸಿದ್ದನ್ನು ಜೀವನವಿಡೀ ಬೇರೆಯವರ ಮೇಲೆ ಪ್ರಯೋಗಿಸಿದ್ದೇನೆ. ಈ ಅಧ್ಯಾಯದಲ್ಲಿ ಆ ಸಾಕ್ಷಿ ನಾನೇ ಆಗಿರುವುದರಿಂದ, ಅಕ್ಕ ಎಲ್ಲೆಲ್ಲಿ ಒಪ್ಪುವುದಿಲ್ಲವೋ ಅಲ್ಲಲ್ಲಿ ಹೇಳುತ್ತ ಹೋಗುತ್ತೇನೆ. ಅವಳೂ ಒಪ್ಪುವ ಸಂಗತಿ ಇಷ್ಟು: ಆ ಎರಡು ತಿಂಗಳು ನಮ್ಮ ನಡುಮನೆಯಲ್ಲಿ ಮದರಾಸಿನ ರೇಡಿಯೋಕ್ಕೆಂದು ಹದಿನೈದು ನಿಮಿಷದ ಕಾರ್ಯಕ್ರಮವೊಂದು ತಯಾರಾಯಿತು. ಬರೆದವನು ಅಪ್ಪ. ಹಾಡಿದವರು ನಮ್ಮ ಅಜ್ಜಿ ಮತ್ತು ಅವ್ವ. ಆ ಅತ್ತೆ ಸೊಸೆಯ ನಡುವೆ ಆಗ ಮಾತು ನಿಂತು ಮೂರು ವರ್ಷವಾಗಿತ್ತು.

ಮಾತು ನಿಂತ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಅವ್ವ ನೀಲವ್ವನ ತವರು ಸಂಡೂರು. ಗುಡ್ಡದ ಆಚೆ, ಗಾಡಿಯಲ್ಲಿ ಒಂದು ಹಗಲಿನ ದಾರಿ. ಅಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಒಬ್ಬ ಆಳು ಬಂದು ಹೇಳಿದಾಗ ನಮ್ಮ ಮನೆಯಲ್ಲಿ ಅಪ್ಪನ ತಂಗಿಯ ಬಾಣಂತನ ನಡೆದಿತ್ತು. ಕೂಸು ಹುಟ್ಟಿ ಎರಡೇ ದಿನ. ಹನ್ನೆರಡು ದಿನ ಕಳೆಯಲಿ, ಗಾಡಿ ಹೂಡಿಸುತ್ತೇನೆ ಎಂದಳು ಅಜ್ಜಿ. ಊರಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದ ಅಪ್ಪ ಪಡಸಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಎಂಟನೆಯ ದಿನ ಅದೇ ಆಳು ಮತ್ತೆ ಬಂದ. ಈ ಸಲ ಅವನು ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತು ಮಾತಾಡಿದ. ಅವ್ವ ಅತ್ತಳೋ ಇಲ್ಲವೋ ನನಗೆ ನೆನಪಿಲ್ಲ. ಸಂಡೂರಿಗೆ ಹೋಗಿ ಬಂದ ಮೇಲೆ ಅವಳು ಅತ್ತೆಯೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಕೆಲಸದಲ್ಲಿ ಕೊರತೆ ಇಲ್ಲ, ಬಡಿಸುವುದರಲ್ಲಿ ಕೊರತೆ ಇಲ್ಲ, ತಲೆಯ ಮೇಲಿನ ಸೆರಗು ಸರಿಯುವುದಿಲ್ಲ. ಮಾತು ಮಾತ್ರ ಇಲ್ಲ. ಅಡಿಗೆಮನೆಯಲ್ಲಿ ಮೂರು ಮೊಳ ದೂರದಲ್ಲಿ ಕೂತ ಅವರಿಬ್ಬರ ನಡುವೆ ಅಕ್ಕ ನಿಲ್ಲಬೇಕಾಗಿತ್ತು.

‘ಗಂಗಾ, ನಿಮ್ಮಜ್ಜಿಗೆ ಕೇಳು, ಬ್ಯಾಳಿ ಎಷ್ಟು ಹಾಕಲಿ ಅಂತ.’

‘ನಿಮ್ಮವ್ವಗ ಹೇಳು, ನಿನ್ನಿ ಹಾಕಿದಷ್ಟ ಹಾಕು ಅಂತ.’

‘ನಿನ್ನಿ ಸಾರು ನೀರಾಗೈತಿ ಅಂದಿದ್ರಂತ, ಹೌದೇನು ಕೇಳು.’

‘ನೀರು ಹೊಯ್ದ್ರ ನೀರ ಆಗ್ತೈತಿ ಅಂತ ಹೇಳು.’

‘ಇಬ್ಬರಿಗೂ ಕಿವಿ ಕೇಳಸ್ತಾವಲ್ಲ, ನನ್ನನ್ಯಾಕ ಸಾಯಿಸ್ತೀರಿ!’ ಎಂದು ಅಕ್ಕ ಕೂಗಿ ಓಡಿಹೋಗುವಳು. ಆಗ ಮಾತು ನನ್ನ ಮೂಲಕ ನಡೆಯುವುದು. ನಾನೂ ಇಲ್ಲದಿದ್ದರೆ ಹಿತ್ತಲ ಎಮ್ಮೆಯ ಮೂಲಕ.

ಆದರೆ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಲೆಕ್ಕ ಬೇರೆ. ನಮ್ಮದು ದೊಡ್ಡ ಕಲ್ಲು, ಒಬ್ಬರಿಂದ ತಿರುಗುವಂಥದ್ದಲ್ಲ. ಅತ್ತೆ ಸೊಸೆ ಎದುರುಬದುರು ಕಾಲು ಚಾಚಿ ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ಜೋಳ ಬೀಸುತ್ತ ಹಾಡುತ್ತಿದ್ದರು. ಒಬ್ಬಳು ಪದ ಎತ್ತಿದರೆ ಇನ್ನೊಬ್ಬಳು ಹಿಂದಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಕಲ್ಲು ತಡವರಿಸುತ್ತದೆ. ಇಡೀ ದಿನ ಆಡದ ಮಾತುಗಳು ಅಲ್ಲಿ ಪದಗಳಾಗಿ ಬರುತ್ತಿದ್ದವು. ಸೊಸೆಯ ಸೋಮಾರಿತನ, ಅತ್ತೆಯ ಜಿಪುಣತನ, ಸಾರು ನೀರಾದದ್ದು, ಯಾರು ಹೊಯ್ದದ್ದು ಎಲ್ಲವೂ. ಕಲ್ಲಿನ ಮುಂದೆ ಹಾಡಿನಲ್ಲಿ ಹೇಳಿದ್ದಕ್ಕೆ ಎದ್ದ ಮೇಲೆ ಯಾರೂ ಜಗಳ ತೆಗೆಯುವಂತಿಲ್ಲ, ಅದನ್ನು ಆಡಿದ ಮಾತೆಂದು ಹಿಡಿಯುವಂತಿಲ್ಲ. ಅದು ನಮ್ಮ ಮನೆಯ ಕಟ್ಟುಪಾಡು. ಹಾಸಿಗೆಯಲ್ಲಿ ಅರ್ಧ ಎಚ್ಚರದಲ್ಲಿ ಮಲಗಿ ನಾನು ಇವನ್ನೆಲ್ಲ ಕೇಳುತ್ತಿದ್ದೆ. ನನಗೆ ಭಾಷೆ ಬಂದದ್ದು ಶಾಲೆಯಿಂದಲ್ಲ, ಆ ಹಾಸಿಗೆಯಿಂದ ಎಂದು ಹೇಳಿಕೊಳ್ಳಲು ನನಗೆ ಇಷ್ಟ. ಅದು ನಿಜವೇ ಎಂದು ಕೇಳಿದರೆ ಖಾತ್ರಿಯಿಲ್ಲ.

ಆಗ ಮದರಾಸಿನ ರೇಡಿಯೋದಲ್ಲಿ ಕನ್ನಡಕ್ಕೆ ವಾರದಲ್ಲಿ ಸ್ವಲ್ಪ ಹೊತ್ತು ಕೊಡುತ್ತಿದ್ದರು. ಹಳ್ಳಿಯ ಹೆಂಗಸರ ಹಾಡು ಬೇಕೆಂದು ಅವರು ಹುಡುಕುತ್ತಿದ್ದಾರೆಂದು ಯಾರೋ ಹೇಳಿದ್ದೇ ತಡ, ಅಪ್ಪ ಪತ್ರ ಬರೆದ. ಅಲ್ಲಿನ ಅಧಿಕಾರಿ, ಮಂಗಳೂರಿನ ಕಡೆಯ ಪದ್ಮನಾಭರಾಯರು ಎಂಬುವರು, ಎರಡು ಪುಟದ ಉತ್ತರ ಕಳಿಸಿದರು. ಆ ಪತ್ರವನ್ನು ಅಪ್ಪ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಗಟ್ಟಿಯಾಗಿ ಓದಿದ. ಕಾರ್ಯಕ್ರಮ ಹದಿನೈದು ನಿಮಿಷ. ಹಾಡು ಮಾತು ಸೇರಿ ಪ್ರತಿಯೊಂದು ಅಕ್ಷರವನ್ನೂ ಮೊದಲೇ ಬರೆದು ಎರಡು ಪ್ರತಿ ಕಳಿಸಬೇಕು. ಯುದ್ಧದ ದಿನಗಳು, ಒಪ್ಪಿಗೆಯಾದ ಕಾಗದದಲ್ಲಿ ಇಲ್ಲದ ಒಂದು ಪದವನ್ನೂ ಬಾಯಿಂದ ಬಿಡುವಂತಿಲ್ಲ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಹೊಲಿಯಬಾರದು. ಮಗುಚುವ ಸದ್ದು ಮೈಕಿಗೆ ಬೀಳುತ್ತದೆ. ತಿರುಗುವ ಕಲ್ಲಿನ ಸದ್ದನ್ನು ನಿಲಯದವರೇ ಬೇರೆ ಸಾಮಾನಿನಿಂದ ಮಾಡಿಕೊಳ್ಳುತ್ತಾರೆ, ಕಲ್ಲು ತರುವ ಅಗತ್ಯವಿಲ್ಲ. ಈ ಕೊನೆಯ ಮಾತಿಗೆ ಅಜ್ಜಿ ಎದ್ದು ನಿಂತಳು.

‘ಕಲ್ಲಿಲ್ದ ಏನ್ ಹಾಡೂದು ಬಸ್ಯಾ? ಕೈ ಎಲ್ಲಿ ಇಟ್ಕೊಂಡು ಕುಂದ್ರೂದು?’

‘ಬರೇ ಹಾಡಬೇಕು ಯವ್ವಾ, ಸುಮ್ಮನ ಕುಂತು.’

‘ಸುಮ್ಮನ ಕುಂತು ಹಾಡಾಕ ನಾವೇನು ಸಂಗೀತದವರೇನು? ಕಲ್ಲು ತಿರುಗಿದ್ರ ಬಾಯಿ ತಿರುಗತೈತಿ. ಬರದು ಹಾಕು ಅವರಿಗೆ.’

ಅಪ್ಪ ಬರೆದು ಹಾಕಿದ. ಹಾಗಾದರೆ ಕಲ್ಲನ್ನೇ ತನ್ನಿ ಎಂದು ಉತ್ತರ ಬಂತು.

ಆ ಎರಡು ತಿಂಗಳ ಅಪ್ಪನ ದುಡಿಮೆಯನ್ನು ಈಗ ನೆನೆದರೆ ನನಗೆ ಬೆರಗು. ಪದಗಳನ್ನು ಬರೆದುಕೊಳ್ಳಲು ಅವನು ಕಲ್ಲಿನ ಪಕ್ಕದಲ್ಲಿ ಹಲಗೆ ಇಟ್ಟುಕೊಂಡು ಕೂರುತ್ತಿದ್ದ. ಆದರೆ ಇಂದು ಬರೆದ ಪದ ನಾಳೆ ಹಾಗೆ ಬರುತ್ತಿರಲಿಲ್ಲ. ನಿನ್ನೆ ಬೇರೆ ಹಾಡಿದ್ದೆಯಲ್ಲ ಎಂದರೆ ಅಜ್ಜಿ, ‘ನಿನ್ನಿ ಜ್ವಾಳ ಬ್ಯಾರೆ ಇತ್ತು’ ಎನ್ನುವಳು. ಜೋಳಕ್ಕೂ ಹಾಡಿಗೂ ಏನು ಸಂಬಂಧ ಎಂದು ಅವನು ಕೇಳಿದರೆ, ‘ನೀ ಬೀಸಿ ನೋಡು, ತಿಳೀತೈತಿ. ಸೀಮೆಸುಣ್ಣ ಹಿಡಿದು ನಿನ್ನ ಅಂಗೈ ಬೆಣ್ಣಿ ಆಗೈತಿ’ ಎಂಬ ಉತ್ತರ. ಅವನು ನಿಜಕ್ಕೂ ಬೀಸಿ ನೋಡಿದ. ಅಂಗೈಯಲ್ಲಿ ಬೊಕ್ಕೆ ಎದ್ದು ಎರಡು ದಿನ ಶಾಲೆಯಲ್ಲಿ ಎಡಗೈಯಲ್ಲಿ ಬರೆದ. ಕೊನೆಗೆ ಇಪ್ಪತ್ತು ಪದಗಳನ್ನು ಆರಿಸಿ, ನಡುನಡುವೆ ತನ್ನ ನಾಲ್ಕು ಮಾತು ಸೇರಿಸಿ, ಹೀಗೆಯೇ ಹಾಡಬೇಕೆಂದು ಇಬ್ಬರಿಂದಲೂ ಒಪ್ಪಿಗೆ ಪಡೆದ. ಒಬ್ಬೊಬ್ಬರಿಂದ ಬೇರೆಬೇರೆಯಾಗಿ. ಮದರಾಸಿನ ಕೋಣೆಯಲ್ಲಿ ಸದ್ದು ಮಾರ್ದನಿಸುವುದಿಲ್ಲವೆಂದು ಓದಿ, ನಡುಮನೆಯ ಬಾಗಿಲಿಗೂ ಕಿಟಕಿಗೂ ಕಂಬಳಿ ಹೊಡೆದ. ಜಂತಿಯಿಂದ ಒಂದು ಹಿತ್ತಾಳೆ ಚೊಂಬನ್ನು ಬೋರಲಾಗಿ ತೂಗುಬಿಟ್ಟು, ಇದೇ ಮೈಕು ಎಂದ. ಅಜ್ಜಿ ಅದಕ್ಕೆ ದಿನಾ ವಿಭೂತಿ ಹಚ್ಚಿ ಕೈಮುಗಿದು ಕೂರುತ್ತಿದ್ದಳು.

ಇನ್ನು ಉಳಿದದ್ದು ಹೊತ್ತು. ಹಾಡುವವರಿಬ್ಬರಿಗೂ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅಪ್ಪ ಕೈಸನ್ನೆ ಮಾಡಿದರೆ ಪದ ತಪ್ಪುತ್ತಿತ್ತು. ಅಜ್ಜಿಯೇ ದಾರಿ ತೋರಿಸಿದಳು.

‘ಕಾಳು ಮುಗಿದ್ರ ಪದ ಮುಗೀತೈತಿ. ನಿನ್ನ ಗಡಿಯಾರಕ್ಕ ಎಷ್ಟು ಕಾಳು ಬೇಕು ಅಳಿ. ಅಷ್ಟ ಇಡು ನಮ್ಮ ಮುಂದ.’

ಅಂದಿನಿಂದ ನಮ್ಮ ಮನೆಯಲ್ಲಿ ಕಾಲವನ್ನು ಜೋಳದಲ್ಲಿ ಅಳೆಯುವ ಕೆಲಸ ಶುರುವಾಯಿತು. ಅಜ್ಜಿಯ ತವರು ಕಂಪ್ಲಿಯ ಹೊಲದಿಂದ ಬಂದ ಜೋಳ, ಒಂದೇ ಚೀಲದ್ದು. ಒಂದು ಸೇರು ಸುರಿದರೆ ಹದಿನೈದು ದಾಟಿ ಹೋಗುತ್ತಿತ್ತು. ಮುಕ್ಕಾಲಾದರೆ ಹನ್ನೆರಡಕ್ಕೇ ಕಲ್ಲು ಬರಿದು. ವಾರಗಟ್ಟಲೆ ಹಿಡಿ ಹಾಕಿ ಹಿಡಿ ತೆಗೆದು ಕೊನೆಗೆ ಅಪ್ಪ ಕಂಡುಕೊಂಡ: ಒಂದು ಸೇರಿಗೆ ಒಂದು ಹಿಡಿ ಕಡಿಮೆ. ಅಷ್ಟು ಸುರಿದರೆ ಹದಿನಾಲ್ಕೂವರೆ ನಿಮಿಷಕ್ಕೆ ಕೊನೆಯ ಕಾಳು ಕಲ್ಲಿನ ಬಾಯಿಗೆ ಬಿದ್ದು, ಕೊನೆಯ ಪದವೂ ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜಿಗೆ ಇದರಲ್ಲಿ ಬೆರಗೇನೂ ಕಾಣಲಿಲ್ಲ. ಕಾಳು ಉಳಿಸಿ ಕಲ್ಲು ಬಿಟ್ಟು ಏಳುವ ಹೆಂಗಸು ಅವಳ ಪ್ರಕಾರ ಮನೆ ಹಾಳುಮಾಡುವವಳು. ಕಾಳು ಮುಗಿದ ಮೇಲೆ ಬರಿ ಕಲ್ಲು ತಿರುಗಿಸುವವಳೂ ಅಷ್ಟೇ.

ಒಂದೇ ಒಂದು ಕಡೆ ಲೆಕ್ಕ ಕೆಡುತ್ತಿತ್ತು. ಅಪ್ಪನ ಪಟ್ಟಿಯಲ್ಲಿ ಹದಿನಾರನೆಯದು ತವರಿನ ಪದ, ಅವ್ವನದು.

ಸಂಡೂರ ಗುಡ್ಡಕ್ಕ ಮಂಜ್ಯಾಕ ಕವಿದಾವ
ಹಡೆದವ್ವ ನನ್ನ ನೆನೆಸ್ಯಾಳ, ಈ ಮನಿಯ
ಅಂಗಳ ದಾಟಿ ಹೆಂಗ ಬರಲೆ

ಇದರ ಕೊನೆಯ ಸಾಲನ್ನು ಅತ್ತೆ ಹಿಂದಿನಿಂದ ಎತ್ತಿಕೊಂಡು ಸೊಸೆಗೆ ಸಮಾಧಾನದ ಒಂದು ಪದ ಹೇಳಬೇಕು. ಆ ಪದ ಬಂದಾಗಲೆಲ್ಲ ಅಜ್ಜಿ ಗೂಟದಿಂದ ಕೈ ತೆಗೆಯುತ್ತಿದ್ದಳು. ಕಾಳು ಸರಿಪಡಿಸುವವಳಂತೆ ಮೊರಕ್ಕೆ ಕೈ ಹಾಕುವಳು, ಇಲ್ಲವೇ ಕೆಮ್ಮುವಳು. ಒಂಟಿಕೈಯ ಕಲ್ಲು ನಿಧಾನವಾಗಿ, ಅವ್ವನ ದನಿಯೂ ಎಳೆದು, ಎಲ್ಲ ಹಿಂದೆ ಬೀಳುತ್ತಿತ್ತು. ‘ಯವ್ವಾ, ಒಂದ ಪದ’ ಎಂದು ಅಪ್ಪ ಬೇಡಿಕೊಂಡ. ‘ಗಂಟ್ಲಾಗ ಹಿಟ್ಟು ಹೋತು’ ಎಂದಳು. ಮರುದಿನವೂ ಹಿಟ್ಟು ಹೋಯಿತು. ಕೊನೆಗೆ ಅಪ್ಪ ಆ ಸಮಾಧಾನದ ಪದವನ್ನು ಕಾಗದದಿಂದಲೇ ಹೊಡೆದುಹಾಕಿ, ಅವ್ವ ಒಬ್ಬಳೇ ಹಾಡುವಂತೆ ತಿದ್ದಿ ಮದರಾಸಿಗೆ ಕಳಿಸಿದ. ಹತ್ತೊಂಬತ್ತು ಪದ ಉಳಿದವು. ಅವ್ವ ಆ ದಿನ ಹೊಡೆದುಹಾಕಿದ ಸಾಲುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳೆಂದು ಅಕ್ಕ ಹೇಳುತ್ತಾಳೆ. ಅವ್ವನಿಗೆ ಅಷ್ಟಿಷ್ಟು ಓದಲು ಬರುತ್ತಿತ್ತು. ಅಪ್ಪ ಆ ಪದವನ್ನು ಪಟ್ಟಿಯಲ್ಲಿ ಸೇರಿಸಿದ್ದೇ ಇಬ್ಬರನ್ನೂ ಒಂದುಮಾಡಲು ಎಂದು ನನ್ನ ಹೆಂಡತಿಯ ಅಭಿಪ್ರಾಯ. ಇರಬಹುದು. ಅಪ್ಪ ಒಳ್ಳೆಯ ಪದವನ್ನು ಬಿಡಲಾರದ ಮಾಸ್ತರನೂ ಆಗಿದ್ದ. ಅಷ್ಟೇ ಇದ್ದರೂ ಇರಬಹುದು.

ಹೊಸಪೇಟೆಯಿಂದ ಗುಂತಕಲ್ಲು, ಅಲ್ಲಿಂದ ಮದರಾಸು. ಅಕ್ಕ ಪರೀಕ್ಷೆ ಇದ್ದುದರಿಂದ ಚಿಕ್ಕಪ್ಪನ ಮನೆಯಲ್ಲಿ ಉಳಿದಳು, ನನ್ನನ್ನು ಕರೆದೊಯ್ದರು. ಬೀಸುವ ಕಲ್ಲಿನ ಎರಡು ಹೋಳುಗಳನ್ನು ಬೇರೆಬೇರೆ ಗೋಣಿಯಲ್ಲಿ ಹೊಲಿದಿತ್ತು. ಅಳೆದ ಜೋಳ ಒಂದು ಬಿಳಿ ಬಟ್ಟೆಯ ಚೀಲದಲ್ಲಿ, ಬಾಯಿಗೆ ಅಪ್ಪ ಅರಗಿನ ಮುದ್ರೆ ಒತ್ತಿದ್ದ, ಯಾರೂ ಒಂದು ಕಾಳನ್ನೂ ಹಾಕದಂತೆ, ತೆಗೆಯದಂತೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಕೂಲಿಯವನೊಬ್ಬ ಗೋಣಿ ಎತ್ತಿ, ‘ಅಬ್ಬಬ್ಬಾ!’ ಎಂದು ಕೆಳಗಿಟ್ಟ.

‘ಏನ್ರಿ ಸ್ವಾಮಿ, ಹಂಪಿಯಿಂದ ದೇವರನ್ನ ಕದ್ಕೊಂಡು ಹೊಂಟೀರೇನು?’

‘ದೇವರಲ್ಲಪ್ಪ, ಹಾಡು’ ಎಂದಳು ಅಜ್ಜಿ. ‘ಜ್ವಾಕಿ, ಒಡದೀತು.’

ಸಮುದ್ರದ ಹತ್ತಿರ ಒಂದು ಛತ್ರದಲ್ಲಿ ಇಳಿದೆವು. ರೇಡಿಯೋ ನಿಲಯದಲ್ಲಿ ನಮಗೆ ಎರಡು ದಿನ. ಮೊದಲ ದಿನ ಬರಿ ದನಿಯ ಪರೀಕ್ಷೆ. ಇಲ್ಲಿಂದ ಮುಂದೆ ನನ್ನ ನೆನಪು ಅನುಮಾನ ಬರುವಷ್ಟು ಸ್ಪಷ್ಟವಾಗಿದೆ. ಗೋಡೆಗೆಲ್ಲ ಹೊದಿಸಿದ ದಪ್ಪ ಬಟ್ಟೆ, ನೆಲಕ್ಕೆ ಜಮಖಾನೆ, ಮಾತಾಡಿದರೆ ಮಾತು ಬಾಯಿಯ ಹತ್ತಿರವೇ ಸತ್ತುಬೀಳುವ ಮೌನ. ಪಕ್ಕದ ಕೋಣೆಯಲ್ಲಿ ಯಾವುದೋ ತೆಲುಗು ನಾಟಕದ ತಾಲೀಮು ನಡೆದಿತ್ತು. ವಯಸ್ಸಾದ ಒಬ್ಬಾತ ಒಣಗಿದ ಎಲೆಯ ಮೇಲೆ ಸಣ್ಣಗೆ ಅಕ್ಕಿ ಸುರಿಯುತ್ತಿದ್ದ. ಕಣ್ಣು ಮುಚ್ಚಿದರೆ ಮಳೆ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು, ತೆರೆದು ನೋಡಿದಳು, ಮತ್ತೆ ಮುಚ್ಚಿದಳು. ‘ಕಂಪ್ಲಿ ಹೊಲದಾಗ ಸುರುವಿ ಬಾರಪ್ಪ ಒಂದೀಟು’ ಎಂದು ಅವನಿಗೆ ಹೇಳಿದಳು. ಅವನಿಗೆ ಕನ್ನಡ ತಿಳಿಯದೆ ನಗುತ್ತ ಇನ್ನೊಂದು ಹಿಡಿ ಸುರಿದ.

ನಮ್ಮ ಕಲ್ಲು ತಿರುಗಿದೊಡನೆ ಪದ್ಮನಾಭರಾಯರು ಕಿವಿ ಮುಚ್ಚಿಕೊಂಡು ಓಡಿಬಂದರು. ಮೈಕಿಗೆ ಅದು ಲಾರಿಯಂತೆ ಕೇಳಿಸಿತಂತೆ. ನಡುವಯಸ್ಸಿನ ಮೆಲುಮಾತಿನ ಮನುಷ್ಯ. ಕಲ್ಲಿನ ಕೆಳಗೆ ಹಾಸಿಗೆ ಮಡಿಸಿ ಹಾಕಿಸಿದರು, ಮೈಕನ್ನು ಏರಿಸಿದರು, ಇಳಿಸಿದರು. ಬಿಳಿ ಪಂಚೆಯಲ್ಲೇ ನೆಲಕ್ಕೆ ಅಂಗಾತ ಮಲಗಿ ಎಲ್ಲಿ ಹಾಡು ಎದ್ದು ಕೇಳುತ್ತದೆ, ಎಲ್ಲಿ ಕಲ್ಲು ಅದರ ಹಿಂದೆ ನಿಲ್ಲುತ್ತದೆ ಎಂದು ಜಾಗ ಹುಡುಕಿದರು. ಹದಿನೈದು ನಿಮಿಷಕ್ಕಾಗಿ ಒಬ್ಬ ಅಧಿಕಾರಿ ಅರ್ಧ ಹಗಲು ಹೀಗೆ ನೆಲದಲ್ಲಿ ಹೊರಳಾಡಿದ್ದನ್ನು ನಾನು ಮರೆಯಲಾರೆ. ಎಲ್ಲ ಸರಿಹೋದ ಮೇಲೆ ಅವ್ವನ ಗಾಜಿನ ಬಳೆಗಳು ಉಳಿದವು.

‘ಅಮ್ಮ, ಬಳೆ ಸ್ವಲ್ಪ ಹೊತ್ತು ತೆಗೆದಿಡಬಹುದಾ? ಬಹಳ ಶಬ್ದ ಬರ್ತದೆ.’

ಅವ್ವ ಕೈ ಹಿಂದಕ್ಕೆಳೆದುಕೊಂಡಳು. ಉತ್ತರ ಕೊಟ್ಟವಳು ಅಜ್ಜಿ.

‘ಗಂಡ ಎದುರಿಗೆ ನಿಂತಾನ, ಬಳಿ ತಗಿ ಅಂತೀರಲ್ರಿ ಸ್ವಾಮಿ! ನಿಮ್ಮ ಮಿಷನ್ನಿಗೆ ನಾಚಿಕಿ ಇಲ್ಲೇನು?’

ರಾಯರು ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಿದರು. ಅಜ್ಜಿ ತನ್ನ ಹಳೆಯ ಸೀರೆಯ ಅಂಚು ಹರಿದು, ಸೊಸೆಯ ಎರಡೂ ಕೈ ಮುಂದಕ್ಕೆ ಎಳೆದು, ಬಳೆಗಳನ್ನು ಒಂದಕ್ಕೊಂದು ತಾಗದಂತೆ ಸುತ್ತಿ ಕಟ್ಟಿದಳು. ಮಗುವಿನ ಗಾಯಕ್ಕೆ ಕಟ್ಟುವಂತೆ, ಬಿಗಿಯೇ ಸಡಿಲವೇ ಎಂದು ಬೆರಳು ತೂರಿಸಿ ನೋಡಿದಳು. ಅವ್ವ ಕಣ್ಣು ಬೇರೆ ಕಡೆ ಇಟ್ಟಿದ್ದಳು, ಕೈ ಹಿಂದಕ್ಕೆಳೆಯಲಿಲ್ಲ.

ಮರುದಿನ ಸಂಜೆ ಕಾರ್ಯಕ್ರಮ. ಅಪ್ಪ ಒಳಗೆ, ಇವರಿಬ್ಬರೂ ಒಳಗೆ. ನಾನು ಗಾಜಿನ ಈಚೆ, ಗುಂಡಿ ತಿರುಗಿಸುವ ಕೋಣೆಯಲ್ಲಿ, ರಾಯರ ಪಕ್ಕದ ಸ್ಟೂಲಿನ ಮೇಲೆ. ಅಕ್ಕ ಇದನ್ನು ಒಪ್ಪುವುದಿಲ್ಲ. ಸರಕಾರದವರು ಎಂಟು ವರ್ಷದ ಹುಡುಗನನ್ನು ಅಲ್ಲಿ ಬಿಡುತ್ತಾರೆಯೇ, ನೀನು ಛತ್ರದಲ್ಲಿ ನಿದ್ದೆ ಹೋಗಿದ್ದೆ, ಅಪ್ಪ ಹೇಳಿದ್ದನ್ನು ಕಂಡದ್ದೆಂದು ತಿಳಿದಿದ್ದೀಯ ಎನ್ನುತ್ತಾಳೆ. ಅವಳು ಆ ಸಂಜೆ ಹೊಸಪೇಟೆಯಲ್ಲಿ, ಊರವರಿಗೆಂದು ಇಟ್ಟಿದ್ದ ರೇಡಿಯೋದ ಮುಂದೆ ನಮ್ಮ ಓಣಿಯವರೆಲ್ಲರ ಜೊತೆ ಕೂತಿದ್ದವಳು. ಅವಳಿಗೂ ಒಳಗಿನದು ಗೊತ್ತಿಲ್ಲ. ಆದ್ದರಿಂದ ಮುಂದುವರಿಸುತ್ತೇನೆ.

ಕೆಂಪು ದೀಪ ಹತ್ತಿತು. ಅಪ್ಪ ಅರಗಿನ ಮುದ್ರೆ ಮಧ್ಯಾಹ್ನವೇ ಒಡೆದು ಜೋಳವನ್ನು ಮೊರಕ್ಕೆ ಸುರಿದಿದ್ದ. ಕಲ್ಲು ತಿರುಗಿತು, ಅಜ್ಜಿ ಮೊದಲ ಪದ ಎತ್ತಿದಳು. ರಾಯರ ಬಲಗೈ ಗುಂಡಿಯ ಮೇಲೆ, ಎಡಗೈಯ ಬೆರಳು ಅಪ್ಪನ ಕಾಗದದ ಮೇಲೆ. ಸಾಲು ಸಾಲಿಗೂ ಬೆರಳು ಸರಿಯುತ್ತಿತ್ತು. ಒಂದು ಅಕ್ಷರವೂ ತಪ್ಪಲಿಲ್ಲ. ಸಂಡೂರ ಗುಡ್ಡದ ಪದವನ್ನು ಅವ್ವ ಒಬ್ಬಳೇ ಹಾಡಿದಳು. ಅಜ್ಜಿ ತಲೆ ತಗ್ಗಿಸಿ ಗೂಟ ಹಿಡಿದೇ ಇದ್ದಳು, ಅಂದು ಕೈ ತೆಗೆಯಲಿಲ್ಲ. ಅಪ್ಪನ ಮುಖದಲ್ಲಿ ಬೆವರು. ಅವನು ಗಡಿಯಾರ ನೋಡುತ್ತಾನೆ, ಮೊರ ನೋಡುತ್ತಾನೆ. ಕಾಗದದ ಕೊನೆಯ ಪದ ಬಂತು, ಮುಗಿಯಿತು. ಸರಿಯಾಗಿ ಹದಿನಾಲ್ಕೂವರೆ ನಿಮಿಷ. ಮೊರದಲ್ಲಿ ಇನ್ನೂ ಮೂರು ಹಿಡಿ ಜೋಳ ಉಳಿದಿತ್ತು.

ಅಪ್ಪ ಎಲ್ಲವನ್ನೂ ಅಳೆದಿದ್ದ, ಮದರಾಸಿನ ಗಾಳಿಯೊಂದನ್ನು ಬಿಟ್ಟು. ಸಮುದ್ರದ ಹತ್ತಿರದ ಛತ್ರದಲ್ಲಿ ಎರಡು ದಿನ ಇದ್ದು ಕಾಳು ಮೆತ್ತಗಾಗಿತ್ತು. ನಮ್ಮ ಬಿಸಿಲಿನ ಕಾಳಿನಂತೆ ಒಡೆಯದೆ ಕಲ್ಲಿಗೆ ಅಂಟಿ ನಿಧಾನವಾಗಿತ್ತು. ಮಾಸ್ತರನಿಗೆ ಇದು ತಿಳಿಯದಿರುವುದು ಸಹಜ. ಆದರೆ ಹುಟ್ಟಿದಾಗಿನಿಂದ ಬೀಸಿದ ಇಬ್ಬರು ಹೆಂಗಸರು ಕೈ ಹಾಕಿದೊಡನೆ ತಿಳಿಯದೇ ಹೋದರೇ? ಹೇಳಿದ್ದರೆ ಎರಡು ಗಂಟೆ ಬಿಸಿಲಿಗೆ ಹರವಿದರೆ ಸಾಕಿತ್ತು. ತಿಳಿದೂ ಇಬ್ಬರೂ ಸುಮ್ಮನಿದ್ದರೇ? ಈ ಪ್ರಶ್ನೆಯನ್ನು ಅವ್ವನಿಗೆ ಅವಳ ಕೊನೆಗಾಲದಲ್ಲಿ ನಾನು ಕೇಳಿದೆ. ‘ನಿನಗ ಬ್ಯಾರೆ ಕೆಲಸಿಲ್ಲೇನು’ ಎಂದಳು.

ಅಂತೂ ಕಾಳು ಉಳಿದಿತ್ತು, ಕಾಳು ಉಳಿಸಿ ಅವರು ಏಳುವವರಲ್ಲ. ಹಾಡಿಲ್ಲದೆ ಕಲ್ಲು ಅರ್ಧ ಸುತ್ತು ಬಂತು. ಆಮೇಲೆ ಅಜ್ಜಿ ಕಾಗದದಲ್ಲಿ ಇಲ್ಲದ, ಅಪ್ಪ ಬರೆದು ಹೊಡೆದುಹಾಕಿದ್ದೂ ಅಲ್ಲದ, ನಾನು ಎಂದೂ ಕೇಳದ ಒಂದು ಪದ ಎತ್ತಿದಳು.

ಗಾಡೀಯ ಹೂಡಂತ ಹೇಳೂದ ನಂದಿತ್ತ
ಹೇಳಲಿಲ್ಲ ಒಂದು ಮಾತ, ನನ ಸೊಸಿಯ
ತಾಯ್ಮಾರಿ ನಾನು ಕಸಗೊಂಡೆ

ರಾಯರ ಬೆರಳು ಕಾಗದದ ತುದಿ ದಾಟಿ ಮೇಜಿನ ಮೇಲೆ ಬಂದು ನಿಂತಿತು. ‘ಇದು ಯಾವ ಪುಟದಲ್ಲಿದೆ?’ ಎಂದು ಅವರು ಕೇಳಿದ್ದು ನನ್ನನ್ನೋ ತಮ್ಮನ್ನೋ ಗೊತ್ತಿಲ್ಲ. ಪದದ ಮೊದಲ ಅಕ್ಷರಕ್ಕೇ ಅವರ ಬಲಗೈ ಗುಂಡಿಯನ್ನು ಮೆಲ್ಲಗೆ ತಿರುಗಿಸಿಬಿಟ್ಟಿತ್ತು. ಹೊರಗಿನ ಜಗತ್ತಿಗೆ ಕಲ್ಲಿನ ಸದ್ದು ದೂರ ಹೋದಂತೆ ಕೇಳಿಸಿ, ಪಕ್ಕದ ಕೋಣೆಯ ಪಿಟೀಲು ಶುರುವಾಗಿತ್ತು. ಒಳಗೆ ಕೆಂಪು ದೀಪ ಆರಿತು. ಅದರ ಅರ್ಥ ಗೊತ್ತಿದ್ದವನು ಅಪ್ಪ ಒಬ್ಬನೇ, ಅವನು ಮಿಸುಕಲಿಲ್ಲ. ಅವರಿಬ್ಬರೂ ತಲೆ ಎತ್ತದೆ ಕೊನೆಯ ಕಾಳಿನವರೆಗೂ ಬೀಸಿದರು. ಅಜ್ಜಿಯ ಪದದ ಕೊನೆಯ ಸಾಲನ್ನು ಅವ್ವ ಹಿಂದಿನಿಂದ ಎತ್ತಿಕೊಂಡಳೇ? ಎತ್ತಿಕೊಂಡಳೆಂದು ನನ್ನ ನೆನಪು ಹೇಳುತ್ತದೆ. ಆ ನೆನಪು ಹಾಗೆ ಹೇಳಲಿ ಎಂಬ ಆಸೆ ನನಗಿರುವುದರಿಂದ ನಾನು ಅದನ್ನು ನಂಬುವುದಿಲ್ಲ.

ಹೊರಗೆ ಬಂದ ಮೇಲೆ ರಾಯರು ಅಪ್ಪನನ್ನು ಪಕ್ಕಕ್ಕೆ ಕರೆದರು.

‘ಮಾಸ್ತರ್ರೆ, ಕಡೆಯದ್ದು ಹೊರಗೆ ಹೋಗಲಿಲ್ಲ. ಕಾಗದದಲ್ಲಿ ಇರಲಿಲ್ಲ, ನನಗೆ ಬಿಡುವಂತಿಲ್ಲ. ಆದರೆ ನಾನು ಈ ಕೋಣೆಯಲ್ಲಿ ಅಂಥದ್ದು ಕೇಳಿಲ್ಲ ಮಾರಾಯ್ರೆ.’

‘ನಾನು ಮನ್ಯಾಗೂ ಕೇಳಿಲ್ರಿ’ ಎಂದ ಅಪ್ಪ.

ಅವನು ಹೆಂಗಸರಿಗೆ ಏನೂ ಹೇಳಲಿಲ್ಲ. ಅಜ್ಜಿ ಇಡೀ ಹೊಸಪೇಟೆ, ಕಂಪ್ಲಿ, ಸಂಡೂರು ಕೇಳುವಂತೆ ತಾನು ಹೇಳಿದ್ದೇನೆಂದು ನಂಬಿ ರೈಲಿನಲ್ಲಿ ಸೆರಗು ಮುಖದ ಮೇಲೆಳೆದುಕೊಂಡು ಕೂತಿದ್ದಳು. ನಡುವೆ ನಡುವೆ ಸೊಸೆಯ ಕಡೆ ನೋಡುವಳು. ಅವ್ವ ಅವಳಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು, ಬುತ್ತಿ ಬಿಚ್ಚಿ ಮೊದಲು ಅವಳ ಮುಂದಿಟ್ಟಳು, ಆದರೆ ಮಾತಾಡಲಿಲ್ಲ. ಹಾಡಿದ್ದು ಕಲ್ಲಿನ ಮುಂದೆ. ಅದನ್ನು ಆಡಿದ ಮಾತೆಂದು ಹಿಡಿಯುವಂತಿಲ್ಲ. ಕಟ್ಟುಪಾಡನ್ನು ಕಲಿಸಿದವಳು ಅಜ್ಜಿಯೇ. ಗುಂತಕಲ್ಲು ಬಂತು, ಬಳ್ಳಾರಿ ಬಂತು, ‘ನಿಮ್ಮವ್ವಗ ಕೇಳು, ನೀರು ಬೇಕೇನು ಅಂತ’ ಎಂದು ಅಜ್ಜಿ ನನ್ನ ಕಡೆಗೇ ತಿರುಗಿದಳು.

ಮನೆಗೆ ಬಂದ ಮಧ್ಯಾಹ್ನ ಅಂಗಳದ ತುಂಬ ಓಣಿಯ ಹೆಂಗಸರು. ರೇಡಿಯೋದಲ್ಲಿ ಹಾಡಿ ಬಂದವರನ್ನು ನೋಡಲು ಬಂದವರು. ಭಾಳ ಚಲೋ ಇತ್ತು, ಪಕ್ಕದಲ್ಲೇ ಕುಂತು ಬೀಸಿದಂಗ ಇತ್ತು ಎಂದು ಒಬ್ಬೊಬ್ಬರೂ ಹೊಗಳಿದರು. ಅಜ್ಜಿ ಕಂಬಕ್ಕೆ ಒರಗಿ ಕೂತು, ತಲೆ ತಗ್ಗಿಸಿ, ಅವರು ಇನ್ನೊಂದು ಸುದ್ದಿ ಎತ್ತುತ್ತಾರೆಂದು ಕಾಯುತ್ತಿದ್ದಳು. ಯಾರೂ ಎತ್ತಲಿಲ್ಲ. ಕೊನೆಗೆ ತಾನೇ ಕೇಳಿದಳು.

‘ಕಡೀಪದ ಹೆಂಗನಿಸಿತು?’

‘ಯಾವ ಕಡೀಪದ?’ ಎಂದಳು ಅಕ್ಕ. ‘ಅಪ್ಪ ಬರದಿದ್ದು ಮುಗೀತು, ಕಲ್ಲು ದೂರ ಹೋದಂಗಾತು, ಆಮ್ಯಾಲ ಪಿಟೀಲು ಬಂತು. ಅಷ್ಟ.’

ಅಜ್ಜಿ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ಅವಳಿಗೆ ತಿಳಿಯಿತು. ಅವಳು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಯಾರಿಗೂ ಕೇಳಿಸಿರಲಿಲ್ಲ, ಹೇಳಿದ್ದಕ್ಕೆ ಲೆಕ್ಕವೂ ಇರಲಿಲ್ಲ. ಅವಳು ಮೊಣಕಾಲಿಗೆ ಕೈ ಊರಿ ಎದ್ದು ನಿಂತಳು. ಕಲ್ಲು ಇನ್ನೂ ಗೋಣಿಯಲ್ಲೇ ಇತ್ತು. ಅಜ್ಜಿಯ ದನಿಯಲ್ಲಿ ರಾಗ ಇರಲಿಲ್ಲ, ಜೋರೂ ಇರಲಿಲ್ಲ.

‘ನೀಲವ್ವನ ತಾಯಿ ಸಾಯಾಕತ್ತಿದ್ಲು. ನಾನು ಈಕಿನ್ನ ಕಳಿಸಲಿಲ್ಲ. ನನ್ನ ಮಗಳ ಬಾಣಂತನ ನನಗ ದೊಡ್ಡದಾತು. ತಪ್ಪು ನಂದು. ಇದನ್ನ ಮದರಾಸಿನಾಗ ಹೇಳೀನಿ, ನಿಮಗ ಕೇಳಿಸಿಲ್ಲಂತ. ಈಗ ಕೇಳ್ರಿ.’

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಯಾವಾಗ ನಿಂತಿತೆಂದು ನಾನು ಗಮನಿಸಿರಲಿಲ್ಲ. ಅವ್ವ ಬಾಗಿಲಿಗೆ ಬಂದಳು. ಎರಡೂ ಕೈ ಹಿಟ್ಟಾಗಿತ್ತು, ಹಿಟ್ಟಿನ ಕೈಯಲ್ಲೇ ಸೆರಗು ಸರಿಪಡಿಸಿಕೊಂಡಳು. ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಲಿಲ್ಲ.

‘ಅತ್ತಿ,’ ಎಂದಳು, ‘ಒಳಗ ಬರ್ರಿ. ರೊಟ್ಟಿ ಆರತಾವ.’